ಹೆಸರಿಲ್ಲದ ಪಿಎಚ್ ಮಾಪಕ: ಯಂತ್ರಕ್ಕೆ ನಾಲ್ಕು ನಕ್ಷತ್ರ, ಪೊಟ್ಟಣಕ್ಕೆ ಸೊನ್ನೆ

ಮಂಗಳೂರಿನ ನಮ್ಮ ಮನೆಯ ಹಜಾರದಲ್ಲಿ 200 ಲೀಟರಿನ ಉಪ್ಪುನೀರಿನ ತೊಟ್ಟಿಯಿದೆ. ಒಂದು ಜೋಡಿ ಕ್ಲೌನ್ ಮೀನು, ಬಂಡೆ ತುಂಬ ಹೂವಿನಂತೆ ಅರಳುವ ಝೋವಾಂಥಿಡ್ ಎಂಬ ಹವಳದ ಬಂಧುಗಳು, ಮುನಿಸಿಕೊಂಡಾಗ ಮುದುಡಿ ಕೂರುವ ಒಂದು ಲೆದರ್ ಹವಳ. ಕಳೆದ ಮಳೆಗಾಲದಲ್ಲಿ 3,200 ರೂಪಾಯಿ ಕೊಟ್ಟು ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ಅಳೆಯುವ ಈ ಪಿಎಚ್ ಮಾಪಕವನ್ನು ಆನ್‌ಲೈನಿನಲ್ಲಿ ತರಿಸಿದೆ. ಡಬ್ಬದ ಮೇಲೆ ತಯಾರಕರ ಹೆಸರೇ ಇಲ್ಲ.

ಮಾಪಕದ ಅಂಕಿ ಸರಿಹೊಂದಿಸಲು, ಪಿಎಚ್ ಮೊದಲೇ ಗೊತ್ತಿರುವ ದ್ರಾವಣ ಬೇಕು. ಅದಕ್ಕೆಂದು ಜೊತೆಗೆ ಬಂದ ಪುಡಿ ಪೊಟ್ಟಣಗಳು 4.00 ಮತ್ತು 6.86ರವು. ತೊಟ್ಟಿಯ ನೀರು 8.2ರ ಆಸುಪಾಸಿನದು. ಅರ್ಧ ಕಿಲೋದ ಬಟ್ಟು ಕೊಟ್ಟು ಅಕ್ಕಿ ಮೂಟೆ ತೂಗು ಎಂದ ಹಾಗಾಯಿತು. ಬಳಸದಾಗ ಎಲೆಕ್ಟ್ರೋಡನ್ನು, ಅಂದರೆ ನೀರಿಗೆ ಅದ್ದುವ ಗಾಜಿನ ಮೂತಿಯ ಕಡ್ಡಿಯನ್ನು, ಭಟ್ಟಿ ಇಳಿಸಿದ ನೀರಿನಲ್ಲಿಡಿ ಎಂದು ಕೈಪಿಡಿ ಬೇರೆ ಹೇಳುತ್ತದೆ. ದಯವಿಟ್ಟು ಇಡಬೇಡಿ, ಒಳಗಿನ ಲವಣವೆಲ್ಲ ಸೋರಿಹೋಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವೇ ಬೇಕು.

ಮೂರನೆಯ ವಾರ, ಬೆಳಗಿನ ಜಾವ ಪರದೆಯಲ್ಲಿ 7.55. ಪಿಎಚ್ ಏರಿಸಲೆಂದು ಸುಣ್ಣದ ತಿಳಿನೀರು ಸುರಿಯಲು ಕೈ ಎತ್ತಿದವನು ತಡೆದೆ, ಏಕೆಂದರೆ ಕೊನೆಯ ಅಂಕಿ ನಿಲ್ಲದೆ ಕುಣಿಯುತ್ತಿತ್ತು. ತೊಟ್ಟಿಯ ನೀರನ್ನು ಗಾಜಿನ ಲೋಟಕ್ಕೆ ಹಾಕಿ, ದೂರದ ಮೇಜಿನ ಮೇಲಿಟ್ಟು ಎಲೆಕ್ಟ್ರೋಡ್ ಅದ್ದಿದೆ. ಅಲ್ಲಿ ಅಂಕಿ ನಿಂತಿದ್ದರೆ ತೊಟ್ಟಿಯ ಯಾವುದೋ ಪಂಪಿನಿಂದ ವಿದ್ಯುತ್ ಸೋರುತ್ತಿದೆ ಎಂದರ್ಥ. ನಿಲ್ಲಲಿಲ್ಲ. ಎಲೆಕ್ಟ್ರೋಡಿನ ಕೇಬಲನ್ನು ಯಂತ್ರಕ್ಕೆ ಸಿಕ್ಕಿಸುವ ಬಿಎನ್‌ಸಿ ಪ್ಲಗ್ ಕಳಚಿ ಟಾರ್ಚ್ ಹಿಡಿದಾಗ, ನಡುವಿನ ಸೂಜಿಯ ಬುಡದಲ್ಲಿ ಬಿಳಿ ಉಪ್ಪಿನ ಉಂಗುರ, ಅದರ ಮೇಲೊಂದು ತೇವದ ಮಿನುಗು. ಅಲ್ಲಿ ತೇವವಾದರೆ ಸಂಕೇತ ಸೋರಿ, ಅಂಕಿ 7ರ ಕಡೆಗೆ ಜಾರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿಸಿ, ಹನಿ ಪ್ಲಗ್ಗಿಗೆ ಇಳಿಯದಂತೆ ಕೇಬಲನ್ನು ಕೆಳಕ್ಕೆ ಬಳುಕಿಸಿ ಕಟ್ಟಿದೆ. ಕರಾವಳಿಗೆ ಮಾರುವವರು ಆ ಪ್ಲಗ್ಗಿಗೊಂದು ರಬ್ಬರ್ ಟೋಪಿ ಕೊಡಬಾರದೇ?

ಆಮೇಲೆ 7.00 ಮತ್ತು 10.01ರ ಒಂದೇ ಬಳಕೆಯ ಪೊಟ್ಟಣಗಳನ್ನು ಬೇರೆಯಾಗಿ ಕೊಂಡೆ. ತೆರೆದಿಟ್ಟ 10.01 ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಇಳಿದುಹೋಗುತ್ತದೆ, ಬಾಟಲಿ ಲಾಭವಲ್ಲ. ಪೊಟ್ಟಣಗಳನ್ನು ತೊಟ್ಟಿಯಲ್ಲೇ ತೇಲಿಬಿಟ್ಟು 26 ಡಿಗ್ರಿಗೆ ತಂದೆ. ಯಂತ್ರ ಗೆದ್ದದ್ದು ಇಲ್ಲಿ: ಇದು ಎಲೆಕ್ಟ್ರೋಡ್ ಕೊಡುವ ಮಿಲಿವೋಲ್ಟನ್ನೂ ತೋರಿಸುತ್ತದೆ. 7.00ರಲ್ಲಿ −6, 10.01ರಲ್ಲಿ −179. ಒಂದು ಪಿಎಚ್ ಅಂತರಕ್ಕೆ ಸುಮಾರು 58 ಮಿಲಿವೋಲ್ಟ್. ಶಾಸ್ತ್ರದ ಲೆಕ್ಕ 25 ಡಿಗ್ರಿಯಲ್ಲಿ 59.16. ಎಲೆಕ್ಟ್ರೋಡಿನ ಗಾಜು ಆರೋಗ್ಯವಾಗಿತ್ತು.

ಮರುದಿನದ ಜಾವ 7.82. ಅಂಕಿ ಅಲುಗಲಿಲ್ಲ, ಆದರೂ ಕಡಿಮೆಯೇ. ಒಂದು ಬಕೆಟ್ ತೊಟ್ಟಿನೀರನ್ನು ಜಗಲಿಗೆ ಒಯ್ದು, ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಟ್ಟೆ. 8.14ಕ್ಕೆ ಏರಿತು. ಆಟಿ ತಿಂಗಳ ಮಳೆಗೆ ಹೆದರಿ ವಾರವಿಡೀ ಕಿಟಕಿ ಮುಚ್ಚಿದ್ದ ಮನೆ, ಒಳಗೆ ಐದು ಜನರ ಉಸಿರು: ಆ ಇಂಗಾಲದ ಡೈಆಕ್ಸೈಡ್ ನೀರಿಗಿಳಿದು ಪಿಎಚ್ ತಗ್ಗಿಸಿತ್ತು. ಈಗ ಸ್ಕಿಮ್ಮರಿನ (ಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸಾಧನ) ಗಾಳಿ ಕೊಳವೆಯನ್ನು ಕಿಟಕಿಯ ಸಂದಿಯಿಂದ ಹೊರಗೆ ಬಿಟ್ಟಿದ್ದೇನೆ. ಹಲ್ಲಿ ಹೊಕ್ಕೀತೆಂದು ಮನೆಯವಳು ತುದಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದಾಳೆ.

ಎಲೆಕ್ಟ್ರೋಡಿನ ಮೂತಿಗೆ ಗುಲಾಬಿ ಬಣ್ಣದ ಸುಣ್ಣದ ಪಾಚಿ ಹತ್ತುತ್ತದೆ. ತಿಂಗಳಿಗೊಮ್ಮೆ ನೀರು ಬೆರೆಸಿದ ವಿನೆಗರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು, ಶೇಖರಣಾ ದ್ರಾವಣದಲ್ಲಿ ಒಂದು ಗಂಟೆ ನೆನೆಸಿದರೆ ಸಾಕು. ಗಾಜನ್ನು ಉಜ್ಜಬೇಡಿ.

ವರ್ಷ ಕಳೆದಿದೆ. ಆ 58 ಈಗ 51ಕ್ಕೆ ಇಳಿದಿದೆ, ಅಂಕಿ ನಿಲ್ಲಲು ಮೂರು ನಿಮಿಷ ಬೇಕು. ಎಲೆಕ್ಟ್ರೋಡಿಗೆ ವಯಸ್ಸಾಯಿತು, ಯಂತ್ರಕ್ಕಲ್ಲ. 1,100 ರೂಪಾಯಿಗೆ ಹೊಸದಕ್ಕೆ ಹೇಳಿದ್ದೇನೆ. ಅದರ ಜೊತೆಗೂ 4.00 ಮತ್ತು 6.86 ಬಂದರೆ, ಟೆರೇಸಿನಲ್ಲಿ ನೀರಿನಲ್ಲೇ ಸೊಪ್ಪು ಬೆಳೆಯುವ ಪಕ್ಕದ ಮನೆಯವರಿಗೆ ಕೊಡುತ್ತೇನೆ, ಅವರ ನೀರು ಆ ಎರಡರ ನಡುವಿನದು.