ಮೇಕ್‌ಸೆಲ್ಫ್: ತಾನೇ ಬಿಚ್ಚಿಕೊಳ್ಳುವ ಫೈಲುಗಳನ್ನು ಕಟ್ಟುವ ಸಲಕರಣೆ

ಇಡೀ ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟಿ, ಚಲಾಯಿಸಿದೊಡನೆ ಅದು ತಾನೇ ಬಿಚ್ಚಿಕೊಳ್ಳುವಂತೆ ಮಾಡುವ ಮೇಕ್‌ಸೆಲ್ಫ್ ಸ್ವತಃ ಒಂದು ಶೆಲ್ ಸ್ಕ್ರಿಪ್ಟ್ (ಲಿನಕ್ಸ್‌ನಂತಹ ವ್ಯವಸ್ಥೆಗಳಲ್ಲಿ ಓಡುವ ಆಜ್ಞೆಗಳ ಪಠ್ಯ ಫೈಲು) ಆಗಿದ್ದು, ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಉಚಿತವಾಗಿ ದೊರೆಯುತ್ತದೆ. ಫೋಲ್ಡರ್, ಹೊಸ ಫೈಲಿನ ಹೆಸರು, ಒಂದು ಸಾಲಿನ ವಿವರಣೆ ಮತ್ತು ಬಿಚ್ಚಿದ ಬಳಿಕ ಓಡಬೇಕಾದ ಆಜ್ಞೆಯನ್ನು ಕೊಟ್ಟರೆ ಸಾಕು. ಫೈಲಿನ ತಲೆಭಾಗದಲ್ಲಿ ಓದಬಹುದಾದ ಸ್ಕ್ರಿಪ್ಟ್, ಅದರ ಕೆಳಗೆ ಕುಗ್ಗಿಸಿದ ಟಾರ್ ದತ್ತಾಂಶ (ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ರೂಪ) ಇರುವುದರಿಂದ, ಪಡೆದವರ ಬಳಿ ಶೆಲ್, ಟಾರ್, ಜಿಜಿಪ್‌ನಂತಹ ಸಾಮಾನ್ಯ ಸಲಕರಣೆಗಳಷ್ಟೇ ಇದ್ದರೂ ಕೆಲಸ ನಡೆಯುತ್ತದೆ. ಎನ್‌ವಿಡಿಯಾದ ಲಿನಕ್ಸ್ ಡ್ರೈವರುಗಳು ಬಳಕೆದಾರರನ್ನು ತಲುಪುವುದೂ ಇದೇ ಬಗೆಯಲ್ಲಿ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಬಿಚ್ಚಿದ ಬಳಿಕ ಓಡಬೇಕಾದ ಆಜ್ಞೆಯನ್ನು ಚಲಾಯಿಸದೆಯೇ ಒಳಗಿನ ಫೈಲುಗಳ ಪಟ್ಟಿಯನ್ನು ನೋಡುವ, ಚೆಕ್‌ಸಮ್ (ಫೈಲಿನ ದತ್ತಾಂಶದಿಂದ ಲೆಕ್ಕಹಾಕಿದ ತಾಳೆಸಂಖ್ಯೆ) ಪರೀಕ್ಷಿಸುವ ಮತ್ತು ಬರಿದೇ ಬಿಚ್ಚಿಡುವ ಆಯ್ಕೆಗಳು. ಅಪರಿಚಿತ ಫೈಲನ್ನು ರೂಟ್ ಅಧಿಕಾರದಲ್ಲಿ (ವ್ಯವಸ್ಥೆಯ ಮೇಲೆ ಪೂರ್ಣ ಹಿಡಿತದೊಡನೆ) ಓಡಿಸುವ ಮೊದಲು ಇವನ್ನು ಬಳಸದಿರುವುದು ಅವಿವೇಕವೇ ಸರಿ. ಆದರೆ ಚೆಕ್‌ಸಮ್ ಫೈಲು ದಾರಿಯಲ್ಲಿ ಕೆಟ್ಟಿದೆಯೇ ಎಂಬುದನ್ನು ಹೇಳುತ್ತದೆಯೇ ಹೊರತು ಅದನ್ನು ಕಟ್ಟಿದವರು ಯಾರೆಂಬುದನ್ನಲ್ಲ, ಏಕೆಂದರೆ ಒಳಗಿನದನ್ನು ಬದಲಿಸಿದವನು ಚೆಕ್‌ಸಮ್ಮನ್ನೂ ಬದಲಿಸಬಲ್ಲ.

ಫೈಲು ಸಾಮಾನ್ಯವಾಗಿ ಬಿಚ್ಚಿಕೊಳ್ಳುವ ತಾತ್ಕಾಲಿಕ ಫೋಲ್ಡರಿನಲ್ಲಿ ಪ್ರೋಗ್ರಾಮುಗಳು ಓಡದಂತೆ ನಿರ್ಬಂಧಿಸಿರುವ ಸರ್ವರುಗಳಲ್ಲಿ ಅನುಸ್ಥಾಪನೆ ತಡವರಿಸುತ್ತದೆ. ಬೇರೆ ಫೋಲ್ಡರನ್ನು ಸೂಚಿಸಿದರೆ ಸರಿಹೋಗುತ್ತದೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಹೀಗೆ ಸೇರಿದ ಫೈಲುಗಳ ಲೆಕ್ಕವನ್ನು ವ್ಯವಸ್ಥೆಯ ಪ್ಯಾಕೇಜ್ ಮ್ಯಾನೇಜರ್ (ತಂತ್ರಾಂಶಗಳನ್ನು ಸೇರಿಸುವ, ಅಳಿಸುವ ಸಲಕರಣೆ) ಇಡುವುದಿಲ್ಲವಾದ್ದರಿಂದ, ಅಳಿಸುವ ಸ್ಕ್ರಿಪ್ಟನ್ನು ಕಟ್ಟುವವರೇ ಬರೆದು ಜೊತೆಗಿಡಬೇಕಾಗುತ್ತದೆ.