ಎಂ-ಸ್ಯಾಂಡ್ ತುಂಬಿದ ಬ್ಲಾಸ್ಟಿಂಗ್ ಪೆಟ್ಟಿಗೆ: ಕಟ್ಟುವ ಮೊದಲು ಓದಿ

ಹಳೇ ಕಾರಿನ ಬಿಡಿಭಾಗಗಳ ತುಕ್ಕು ಬಿಡಿಸಲು ಮನೆಯಲ್ಲೇ ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್ (ಒತ್ತಿದ ಗಾಳಿಯಿಂದ ಮರಳಿನಂಥ ಕಾಳನ್ನು ಭಾಗದ ಮೇಲೆ ಹೊಡೆಯುವ ಮುಚ್ಚಿದ ಪೆಟ್ಟಿಗೆ) ಕಟ್ಟಿಕೊಳ್ಳೋಣ ಅಂತ ಪ್ಲೈವುಡ್ ಅಳತೆ ಹಾಕುತ್ತಿರುವವರು ದಯವಿಟ್ಟು ಇದನ್ನು ಮೊದಲು ಓದಿ. ಎರಡೇ ತಿಂಗಳಲ್ಲಿ ಒಡೆದುಹಾಕಬೇಕಾಗಿ ಬಂದ ಒಂದು ಪೆಟ್ಟಿಗೆಯ ವಿಷಯ ಇದು. 900 × 600 × 600 ಮಿ.ಮೀ. ಅಳತೆ, 12 ಮಿ.ಮೀ. ಪ್ಲೈವುಡ್, ಮುಂದೆ ಅಕ್ರಿಲಿಕ್ ಕಿಟಕಿ, ಬುಡ ಸಪಾಟು. 2 ಎಚ್‌ಪಿ ಕಂಪ್ರೆಸರ್, 3 ಮಿ.ಮೀ. ಜೆಟ್ಟಿನ ಸೈಫನ್ ಗನ್, ಅಂದರೆ ಗಾಳಿಯ ರಭಸದಿಂದಲೇ ಮರಳನ್ನು ಪೈಪಿನಲ್ಲಿ ಎಳೆದು ಚಿಮ್ಮಿಸುವ ಗನ್; ಅದರೊಳಗೆ ಗಾಳಿ ನುಗ್ಗುವ ಸಣ್ಣ ತೂತೇ ಜೆಟ್. ದೂಳೆಳೆಯಲು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್. ಒಳಗೆ ಸುರಿದದ್ದು ಜರಡಿ ಹಿಡಿದು ಒಣಗಿಸಿದ ಅರ್ಧ ಚೀಲ ಎಂ-ಸ್ಯಾಂಡ್. ಪದ್ಮಿನಿ ಕಾರಿನ ಸಸ್ಪೆನ್ಷನ್ ಆರ್ಮ್, ಬ್ರೇಕ್ ಡ್ರಮ್, ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಇದರಲ್ಲಿ ಹಾದುಹೋದವು. ಪೆಟ್ಟಿಗೆಯಲ್ಲಿ ತಪ್ಪುಗಳು ಬೇಕಾದಷ್ಟಿದ್ದವು, ಆದರೆ ಮರಳಿನದ್ದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ನದಿ ಮರಳು ಅಪಾಯ ಅಂತ ಕೇಳಿದವರು ಕೂಡ ಎಂ-ಸ್ಯಾಂಡ್ ಬೇರೆ ವಸ್ತು ಅಂದುಕೊಳ್ಳುತ್ತಾರೆ. ಬೇರೆಯಲ್ಲ. ನಮ್ಮ ಕಡೆ ಸಿಗುವ ಎಂ-ಸ್ಯಾಂಡ್ ಬಹುಪಾಲು ಗ್ರಾನೈಟ್ ಜಾತಿಯ ಕಲ್ಲನ್ನು ಕ್ರಷರಿನಲ್ಲಿ ಒಡೆದದ್ದು, ಆ ಕಲ್ಲಿನಲ್ಲಿ ಸಾಮಾನ್ಯವಾಗಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕ್ವಾರ್ಟ್ಜ್ ಇರುತ್ತದೆ. ಕ್ವಾರ್ಟ್ಜ್ ಅಂದರೆ ಸ್ಫಟಿಕ ರೂಪದ ಸಿಲಿಕಾ. ಚೀಲದಲ್ಲಿ ಬಿದ್ದಿರುವಾಗ ಅದರ ಕಾಳು ದಪ್ಪ, ಅಷ್ಟು ತೊಂದರೆಯಿಲ್ಲ. ಗನ್ನಿನಿಂದ ಹಾರಿ ಕಬ್ಬಿಣಕ್ಕೆ ಬಡಿದಾಗ ಒಂದೊಂದು ಕಾಳೂ ಸಿಡಿದು ಐದು ಮೈಕ್ರಾನಿಗಿಂತಲೂ ಸಣ್ಣ ಚೂರುಗಳನ್ನು ಬಿಡುತ್ತದೆ. ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್. ಈ ಚೂರು ಮೂಗಿನಲ್ಲಿ ನಿಲ್ಲುವುದಿಲ್ಲ, ಕೆಮ್ಮಿದರೆ ಬರುವುದಿಲ್ಲ, ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿದು ಅಲ್ಲೇ ಕೂರುತ್ತದೆ. ಸಿಲಿಕೋಸಿಸ್ ಬರುವುದು ಹೀಗೆ. ಬಂದ ಮೇಲೆ ಗುಣಪಡಿಸುವ ಔಷಧ ಇಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ರೋಗ 1930ರ ದಶಕದಲ್ಲೇ ದಾಖಲಾಗಿತ್ತು. ಬ್ಲಾಸ್ಟಿಂಗ್‌ಗೆ ಮರಳು ಬಳಸುವುದನ್ನು ಬ್ರಿಟನ್ 1949ರ ನಿಯಮದಲ್ಲೇ ನಿಷೇಧಿಸಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಉಸಿರಿಗೆ ಹೋಗುವ ಸ್ಫಟಿಕ ಸಿಲಿಕಾ ದೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಪೆಟ್ಟಿಗೆಯ ಒಳಗಲ್ಲವೇ ಬ್ಲಾಸ್ಟ್ ಮಾಡುವುದು, ಹೊರಗೆ ಹೇಗೆ ಬರುತ್ತದೆ ಅಂತ ಕೇಳುವವರಿಗೆ ಒಂದು ಲೆಕ್ಕ. ಉಸಿರಿಗೆ ಹೋಗುವ ಸಿಲಿಕಾ ದೂಳಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಇಟ್ಟಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. 6 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಗ್ಯಾರೇಜಿನಲ್ಲಿ 54 ಘನ ಮೀಟರ್ ಗಾಳಿ ಇದೆ. ಆ ಮಿತಿ ಮುಟ್ಟಲು ಮೂರು ಮಿಲಿಗ್ರಾಂ ದೂಳು ಕೂಡ ಬೇಡ, ಅಂದರೆ ಒಂದು ಚಿಟಿಕೆ ಉಪ್ಪಿನ ನೂರನೇ ಒಂದು ಪಾಲು. ಈ ಪೆಟ್ಟಿಗೆ ಒಂದು ಸಲ ಬಾಗಿಲು ತೆರೆದಾಗ ಹೊರಬಿಡುತ್ತಿದ್ದ ಮೋಡದಲ್ಲಿ ಅದರ ಎಷ್ಟೋ ಪಟ್ಟು ಇತ್ತು. ಸಂಜೆ ಕಿಟಕಿಯಿಂದ ಓರೆ ಬಿಸಿಲು ಬಿದ್ದಾಗ ಕೆಲಸ ನಿಲ್ಲಿಸಿ ಅರ್ಧ ಗಂಟೆಯಾಗಿದ್ದರೂ ಆ ಬೆಳಕಿನ ಪಟ್ಟೆಯಲ್ಲಿ ದೂಳು ಹೊಗೆಯಂತೆ ಆಡುತ್ತಿತ್ತು. ಕಣ್ಣಿಗೆ ಕಂಡದ್ದು ದಪ್ಪ ಕಣ. ಅಪಾಯದ ಕಣ ಕಾಣುವುದೇ ಇಲ್ಲ.

ವ್ಯಾಕ್ಯೂಮ್ ಕ್ಲೀನರ್ ಇತ್ತಲ್ಲ ಅಂದರೆ, ಅದೇ ದೂಳನ್ನು ಶೆಡ್ಡಿಗೆ ಹರಡಿದ್ದು. ಮನೆ ಬಳಕೆಯ ಬಟ್ಟೆಚೀಲ ದಪ್ಪ ಕಸವನ್ನು ಹಿಡಿಯುತ್ತದೆ, ನಯವಾದ ದೂಳನ್ನು ಹಿಂಬದಿಯ ಗಾಳಿಯ ಜೊತೆ ಊದಿಬಿಡುತ್ತದೆ. ಹತ್ತು ನಿಮಿಷದಲ್ಲಿ ಚೀಲದ ರಂಧ್ರ ಮುಚ್ಚಿ ಎಳೆತ ಕಡಿಮೆಯಾಗುತ್ತದೆ. ಇದನ್ನು ಪತ್ತೆಹಚ್ಚಲು ಯಾವ ಮೀಟರೂ ಬೇಡ, ಒಳಗೆ ಕೈ ಹಾಕಲು ಪೆಟ್ಟಿಗೆಯ ಮುಂಭಾಗದ ತೂತುಗಳಿಗೆ ಕೂರಿಸಿದ ಗ್ಲೌಸ್ ನೋಡಿದರೆ ಸಾಕು. ಎಳೆತ ಸರಿಯಿದ್ದರೆ ಕೈ ಹಾಕದ ಗ್ಲೌಸ್ ಪೆಟ್ಟಿಗೆಯ ಒಳಕ್ಕೆ ಉಬ್ಬಿ ನೆಟ್ಟಗೆ ನಿಲ್ಲುತ್ತದೆ. ಗನ್ ಒತ್ತಿದಾಗ ಅದು ಸೊರಗಿ ಹೊರಕ್ಕೆ ತಿರುಗಿತು ಅಂದರೆ ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಾಗಿದೆ, ಪ್ರತಿ ಸಂದಿಯಿಂದಲೂ ದೂಳು ಹೊರಗೆ ಬರುತ್ತಿದೆ ಅಂತ ಅರ್ಥ. ಆ ಕ್ಷಣ ಕೆಲಸ ನಿಲ್ಲಿಸಬೇಕು. ಈ ಪೆಟ್ಟಿಗೆಯ ಗ್ಲೌಸ್ ಮೊದಲ ದಿನದಿಂದಲೂ ಹೊರಕ್ಕೇ ಉಬ್ಬುತ್ತಿತ್ತು.

ಈ ಅಳತೆಯ ಪೆಟ್ಟಿಗೆಗೆ 150ರಿಂದ 200 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಳೆಯುವ ಬ್ಲೋವರ್ ಇಡಿ. ಅದರ ಮುಂದೆ ಸೈಕ್ಲೋನ್ (ಗಾಳಿಯನ್ನು ಸುಳಿ ತಿರುಗಿಸಿ ದಪ್ಪ ದೂಳನ್ನು ಕೆಳಗೆ ಬೀಳಿಸುವ ಆಲಿಕೆ), ಹಿಂದೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ದರ್ಜೆಯ ಫಿಲ್ಟರ್, ಕೊನೆಯ ಗಾಳಿ ಗೋಡೆಯಾಚೆ ಬಯಲಿಗೆ, ಪಕ್ಕದ ಮನೆಯ ಕಿಟಕಿಯ ಕಡೆಗಲ್ಲ. ಎಳೆದಷ್ಟು ಗಾಳಿ ಒಳಗೂ ಬರಬೇಕು, ಇಲ್ಲದಿದ್ದರೆ ಎಳೆತ ಸತ್ತುಹೋಗುತ್ತದೆ. ಒಂದು ಪಕ್ಕದ ಮೇಲ್ಭಾಗದಲ್ಲಿ 75 ಮಿ.ಮೀ. ತೂತು ಕೊರೆದು, ಒಳಗಡೆ ಅದರ ಎದುರಿಗೆ ತಗಡಿನ ಅಡ್ಡತಟ್ಟೆ ಕೂರಿಸಿ. ಹೊರಹೋಗುವ ತೂತು ಎದುರು ಪಕ್ಕದಲ್ಲಿರಲಿ, ಅದಕ್ಕೂ ಅಡ್ಡತಟ್ಟೆ ಬೇಕು. ಇಲ್ಲವಾದರೆ ದೂಳಿನ ಜೊತೆ ಒಳ್ಳೆಯ ಮೀಡಿಯಾ (ಗನ್ನಿನಿಂದ ಹೊಡೆಯುವ ಕಾಳು) ಕೂಡ ಹೋಗಿಬಿಡುತ್ತದೆ. ಸೈಕ್ಲೋನಿನ ಕೆಳಗೆ 20 ಲೀಟರ್ ಪೇಂಟ್ ಬಕೆಟ್ ಇಡುವ ರೂಢಿ ಇದೆ. ಹೋಸ್ ಎಲ್ಲಾದರೂ ಕಟ್ಟಿಕೊಂಡರೆ ಆ ಬಕೆಟ್ ಒಳಕ್ಕೆ ಕುಸಿದು ಮುಚ್ಚಳದ ಅಂಚು ಬಿಟ್ಟುಕೊಳ್ಳುತ್ತದೆ. ತಗಡಿನ ಡಬ್ಬಿಯನ್ನೇ ಇಡಿ.

ಇನ್ನು ಗಾಳಿ. ಗನ್ ಚೆನ್ನಾಗಿಲ್ಲ ಅಂತ ಎರಡು ಸಲ ಗನ್ ಬದಲಾಯಿಸಲಾಯಿತು. ದೋಷ ಗನ್ನಿನದ್ದಲ್ಲ. 3 ಮಿ.ಮೀ. ಜೆಟ್ 80 ಪಿಎಸ್‌ಐ ಒತ್ತಡದಲ್ಲಿ ಸುಮಾರು 15 ಸಿಎಫ್‌ಎಂ ಕುಡಿಯುತ್ತದೆ. 2 ಎಚ್‌ಪಿ ಕಂಪ್ರೆಸರಿನ ಪ್ಲೇಟಿನ ಮೇಲೆ 8 ಅಂತ ಬರೆದಿದ್ದರೂ ಅದು ಪಿಸ್ಟನ್ ಸರಿಸುವ ಗಾಳಿಯ ಲೆಕ್ಕ, ಕೈಗೆ ಸಿಗುವುದು ಐದೂವರೆಯ ಆಸುಪಾಸು. 100 ಲೀಟರ್ ಟ್ಯಾಂಕ್ ತುಂಬಿದ್ದರೆ ಒಂದೂವರೆ ನಿಮಿಷ ಚೆನ್ನಾಗಿ ಹೊಡೆಯುತ್ತದೆ. ಆಮೇಲೆ ಗೇಜಿನ ಮುಳ್ಳು ಇಳಿಯುತ್ತಾ ಇಳಿಯುತ್ತಾ 20ರ ಹತ್ತಿರ ಬಂದು ನಿಲ್ಲುತ್ತದೆ. ಅಷ್ಟು ಒತ್ತಡಕ್ಕೆ ತುಕ್ಕು ಹೋಗುವುದಿಲ್ಲ, ಕಂಪ್ರೆಸರ್ ಮಾತ್ರ ಬಿಡುವಿಲ್ಲದೆ ಓಡಿ ಬಿಸಿಯಾಗುತ್ತದೆ. ಇರುವ ಕಂಪ್ರೆಸರಿಗೆ ತಕ್ಕ ಜೆಟ್ ಹಾಕಬೇಕು. 2 ಎಚ್‌ಪಿಗೆ 2 ಮಿ.ಮೀ. ಜೆಟ್ಟು, 60 ಪಿಎಸ್‌ಐ, ಇಷ್ಟೇ ಅದರ ಶಕ್ತಿ. ಸೈಫನ್ ಗನ್ನಿನಲ್ಲಿ ಮುಂದಿನ ನಾಜಲ್ಲಿನ ತೂತು ಜೆಟ್ಟಿನ ಎರಡರಷ್ಟಿರಬೇಕು: 2ಕ್ಕೆ 4, 2.5ಕ್ಕೆ 5. ನಾಜಲ್ ಹಿಗ್ಗಿದರೆ ಮೀಡಿಯಾ ಎಳೆಯುವ ಶಕ್ತಿ ಹೋಗುತ್ತದೆ. ಜೆಟ್ ಸವೆದರೆ ಗಾಳಿ ಸಾಲುವುದಿಲ್ಲ, 2.5 ಇದ್ದದ್ದು 3 ಆದರೆ ಖರ್ಚು ಶೇ 44 ಹೆಚ್ಚಾಯಿತು. ಸೆರಾಮಿಕ್ ನಾಜಲ್ ಅಲ್ಯೂಮಿನಿಯಂ ಆಕ್ಸೈಡ್ ಮುಂದೆ ಕೆಲವೇ ಗಂಟೆ ಬಾಳುತ್ತದೆ, ಬೋರಾನ್ ಕಾರ್ಬೈಡ್ ದುಬಾರಿಯಾದರೂ ಅದಕ್ಕೆ ಕೊಟ್ಟ ಹಣ ದಂಡವಲ್ಲ. ಡ್ರಿಲ್ ಬಿಟ್ಟಿನ ಹಿಂಬದಿಯನ್ನು ತೂರಿಸಿ ಆಗಾಗ ತೂತು ಅಳೆಯಿರಿ.

ನೀರಿನ ಕಾಟ ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಊಹೆಗೂ ಮೀರಿದ್ದು. 30 ಡಿಗ್ರಿ ಸೆಖೆಯಲ್ಲಿ ಶೇ 80 ತೇವ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ 24 ಗ್ರಾಂ ನೀರಿದೆ. ಅದನ್ನು ಎಂಟನೇ ಒಂದು ಭಾಗಕ್ಕೆ ಒತ್ತಿ ತಣಿಸಿದರೆ ನಾಲ್ಕು ಗ್ರಾಂ ಮಾತ್ರ ಆವಿಯಾಗಿ ಉಳಿಯುತ್ತದೆ, ಮಿಕ್ಕದ್ದೆಲ್ಲ ನೀರು. 10 ಸಿಎಫ್‌ಎಂನಂತೆ ಒಂದು ಗಂಟೆ ಓಡಿಸಿದರೆ ಮುನ್ನೂರು ಮಿಲಿಲೀಟರಿಗಿಂತ ಹೆಚ್ಚು. ಈ ಪೆಟ್ಟಿಗೆಯಲ್ಲಿ ವಾಟರ್ ಸೆಪರೇಟರನ್ನು (ಗಾಳಿಯಿಂದ ನೀರು ಬೇರ್ಪಡಿಸುವ ಫಿಲ್ಟರ್) ಕಂಪ್ರೆಸರಿನ ಬಾಯಿಗೇ ತಿರುಗಿಸಿದ್ದರು. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ಫಿಲ್ಟರ್ ದಾಟಿ, ಹೋಸಿನಲ್ಲಿ ತಣಿದು, ಗನ್ನಿನಲ್ಲಿ ಹನಿಯಾಗಿ, ಮರಳನ್ನು ಅಂಟಿಸಿ ಗಡ್ಡೆ ಕಟ್ಟಿಸಿತು. ಕಂಪ್ರೆಸರಿನಿಂದ ಹತ್ತು ಮೀಟರಿನಷ್ಟು ಜಿಐ ಪೈಪನ್ನು ಗೋಡೆಯ ಮೇಲೆ ಇಳಿಜಾರಾಗಿ ಓಡಿಸಿ, ತಗ್ಗಿನ ತುದಿಗೆ ಬಾಲ್ ವಾಲ್ವ್ ಇಟ್ಟು, ಗಾಳಿಯ ಕವಲನ್ನು ಪೈಪಿನ ಮೇಲ್ಗಡೆಯಿಂದ ತೆಗೆಯಿರಿ. ಸೆಪರೇಟರ್ ಇರಬೇಕಾದ್ದು ಪೆಟ್ಟಿಗೆಯ ಪಕ್ಕ.

ನಲ್ಲಿ ನೀರಿನ ಪಿವಿಸಿ ಪೈಪನ್ನು ಗಾಳಿಗೆ ಹಾಕಲೇಬೇಡಿ. ನೀರಿನ ಒತ್ತಡ ತಡೆಯುತ್ತದೆ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ, ಒತ್ತಿದ ಗಾಳಿ ಇರುವ ಪಿವಿಸಿ ಬಿರಿದರೆ ಗಾಜಿನಂತೆ ಚೂರಾಗಿ ಮೈಗೆ ಚುಚ್ಚುತ್ತದೆ. ಹಳೇ ಗ್ಯಾಸ್ ಸಿಲಿಂಡರ್ ಕೊಯ್ದು ಪ್ರೆಷರ್ ಪಾಟ್ (ಮೀಡಿಯಾವನ್ನು ಒತ್ತಡದಲ್ಲಿ ತಳ್ಳುವ ಪಾತ್ರೆ) ಮಾಡುವ ವಿಡಿಯೊಗಳಿಗೂ ಮರುಳಾಗಬೇಡಿ. ಕೊಯ್ದು ಬೆಸೆದ ಸಿಲಿಂಡರನ್ನು ಪರೀಕ್ಷಿಸದೆ ದಿನವೂ ಗಾಳಿ ತುಂಬಿ ಖಾಲಿ ಮಾಡಿದರೆ ಬೆಸುಗೆ ಎಂದು ಬಿಡುತ್ತದೋ ಹೇಳಲಾಗದು. ಮನೆಗೆ ಸೈಫನ್ ಗನ್ ಸಾಕು.

ಪೆಟ್ಟಿಗೆಯ ಮೈ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. 25 ಮಿ.ಮೀ. ಆ್ಯಂಗಲ್ ಚೌಕಟ್ಟಿಗೆ 16 ಗೇಜ್ ತಗಡು ಬೆಸೆದರೆ ಒಳ್ಳೆಯದು, ಪ್ಲೈವುಡ್ಡೇ ಆದರೆ 18 ಮಿ.ಮೀ. ಇರಲಿ. ಒಳಮೂಲೆಗೆಲ್ಲ ಸಿಲಿಕಾನ್ ಎಳೆಯಿರಿ, ಬಾಗಿಲಿಗೆ ಕಾರಿನ ಡೋರ್ ಬೀಡಿಂಗ್ ಕೂರಿಸಿ ಟಾಗಲ್ ಕ್ಲ್ಯಾಂಪಿನಲ್ಲಿ ಬಿಗಿಯಿರಿ. ಬುಡ ಮಾತ್ರ ಸಪಾಟಾಗಿರಬಾರದು. ಕನಿಷ್ಠ 45 ಡಿಗ್ರಿ ಇಳಿಜಾರಿನ ಹಾಪರ್ (ಆಲಿಕೆಯಂಥ ಬುಡ) ಇಲ್ಲದಿದ್ದರೆ ಮೀಡಿಯಾ ಮೂಲೆ ಸೇರಿ, ಎಳೆಯುವ ಪೈಪಿಗೆ ಸಿಗದೆ, ಗನ್ ಕೆಮ್ಮುತ್ತದೆ. ಪೈಪಿನ ಬಾಯಿ ಪೂರ್ತಿ ಹೂತರೂ ಹಾಗೇ ಆಗುತ್ತದೆ, ಮೀಡಿಯಾ ಜೊತೆ ಸ್ವಲ್ಪ ಗಾಳಿಯೂ ಸೇರಬೇಕು. ಅದಕ್ಕೆ ಪೈಪಿನ ಮೇಲ್ಭಾಗದಲ್ಲಿ 4 ಮಿ.ಮೀ.ನ ಒಂದು ತೂತು ಕೊರೆದರೆ ಸರಿಹೋಗುತ್ತದೆ. ಕೈ ಹಾಕುವ ತೂತುಗಳನ್ನು ಕೊರೆಯುವ ಮೊದಲು ರಟ್ಟಿನಲ್ಲಿ ಒಂದು ಮುಂಭಾಗ ಮಾಡಿ, ಅದರೆದುರು ಹತ್ತು ನಿಮಿಷ ಕೈ ಚಾಚಿ ನಿಂತು ನೋಡಿ. ಅಕ್ರಿಲಿಕ್ ಕಿಟಕಿ ದೂಳನ್ನು ಸೆಳೆದುಕೊಳ್ಳುತ್ತದೆ, ಒಂದೇ ದಿನದಲ್ಲಿ ಮಂಜಾಗುತ್ತದೆ. 5 ಮಿ.ಮೀ. ಟಫನ್ಡ್ ಗಾಜು ಹಾಕಿ, ಒಳಬದಿಗೆ ತೆಳು ಪಾಲಿಯೆಸ್ಟರ್ ಹಾಳೆ ಅಂಟಿಸಿ, ಮಂಜಾದಾಗ ಹಾಳೆ ಮಾತ್ರ ಬದಲಾಯಿಸಿ.

ಒಣ ಹವೆಯಲ್ಲಿ ಗನ್ ಮುಟ್ಟಿದ ಕೈಗೆ ಚಟ್ ಎಂದು ಶಾಕ್ ಹೊಡೆಯುತ್ತದೆ. ಅದು ಕರೆಂಟ್ ಸೋರಿಕೆಯಲ್ಲ, ಮೀಡಿಯಾ ಉಜ್ಜಿ ಹುಟ್ಟುವ ಸ್ಟ್ಯಾಟಿಕ್. ಪ್ಲೈವುಡ್ ಪೆಟ್ಟಿಗೆಯಲ್ಲಿ ಅದು ಹರಿದುಹೋಗಲು ದಾರಿಯಿಲ್ಲ. ಗನ್ನಿಗೆ, ಒಳಗಿನ ಜಾಲರಿಗೆ, ತಗಡಿನ ಡಬ್ಬಿಗೆ 1.5 ಚ.ಮಿ.ಮೀ. ತಾಮ್ರದ ತಂತಿ ಕಟ್ಟಿ ಅರ್ತ್ ಕೊಡಿ. ಅಲ್ಯೂಮಿನಿಯಂ ಭಾಗ ಹೊಡೆಯುವ ಮೊದಲು ಕಬ್ಬಿಣದ ತುಕ್ಕಿನ ದೂಳೆಲ್ಲ ಖಾಲಿ ಮಾಡಿರಬೇಕು. ಅಲ್ಯೂಮಿನಿಯಂ ಪುಡಿ, ತುಕ್ಕು ಎರಡೂ ಒಂದೇ ಡಬ್ಬಿಯಲ್ಲಿ ಕೂಡಿ ಕಿಡಿ ತಗುಲಿದರೆ ಆರಿಸಲಾಗದ ಬೆಂಕಿ.

ಮರಳಿನ ಬದಲು ಏನು ಹಾಕಬೇಕು? ಕಬ್ಬಿಣದ ತುಕ್ಕಿಗೆ 80 ಗ್ರಿಟ್ ಬ್ರೌನ್ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್ (ಒಂದು ಬಗೆಯ ಗಟ್ಟಿ ಖನಿಜದ ಕಾಳು), 80 ಪಿಎಸ್‌ಐ, 2 ಎಚ್‌ಪಿ ಕಂಪ್ರೆಸರ್ ಆದರೆ ಮೇಲೆ ಹೇಳಿದ 60. ಅಲ್ಯೂಮಿನಿಯಂಗೆ ಗ್ಲಾಸ್ ಬೀಡ್, 40ರಿಂದ 60 ಪಿಎಸ್‌ಐ, ಅದಕ್ಕಿಂತ ಹೆಚ್ಚಿದರೆ ಬೀಡ್ ಒಡೆದು ದೂಳಾಗುತ್ತದೆ. ಹತ್ತು-ಹನ್ನೆರಡು ಕಿಲೊ ಸಾಕು, ಜರಡಿ ಹಿಡಿದು ಹಲವು ಸಲ ಬಳಸಬಹುದು. ಮೀಡಿಯಾ ಸುರಕ್ಷಿತವಾದರೂ ಭಾಗದ ಮೇಲಿನ ಬಣ್ಣ ಸುರಕ್ಷಿತವಲ್ಲ. ಹಳೇ ಕಾರಿನ ಬಣ್ಣದಲ್ಲಿ ಸೀಸ ಇರಬಹುದು, 2016ರ ಸೀಸದ ನಿಯಮ ಮನೆ ಬಣ್ಣಕ್ಕೆ ಮಾತ್ರ ಅನ್ವಯಿಸುತ್ತದೆ. ಬ್ರೇಕ್ ಡ್ರಮ್ಮಿನ ಒಳಗಿನ ಕಪ್ಪು ದೂಳಿನಲ್ಲಿ ಹಳೇ ಲೈನರಿನ ಆಸ್ಬೆಸ್ಟಾಸ್ ಇರಬಹುದು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯದೆ ಡ್ರಮ್ಮನ್ನು ಪೆಟ್ಟಿಗೆಗೆ ಇಡಬೇಡಿ, ಬ್ರೇಕ್ ಶೂ ಮತ್ತು ಕ್ಲಚ್ ಪ್ಲೇಟನ್ನಂತೂ ಎಂದಿಗೂ ಹೊಡೆಯಬೇಡಿ.

ಟ್ಯಾಪೆಟ್ ಕವರ್ ವಿಷಯ ಹೇಳದೆ ಬಿಡಲಾಗದು. ಹೊರಗೆ ಹೊಸದರಂತೆ ಹೊಳೆಯಿತು. ಒಳಗೆ ಬ್ರೀದರ್ ಹತ್ತಿರ ರಿವೆಟ್ ಹೊಡೆದ ತಗಡಿನ ತಟ್ಟೆಯ ಹಿಂದೆ ಮರಳು ಸೇರಿತ್ತು. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದರೂ ಕುಟ್ಟಿದಾಗ ಕಾಗದದ ಮೇಲೆ ಸಣ್ಣ ಕಾಳು ಉದುರುತ್ತಲೇ ಇದ್ದವು. ಎಂಜಿನ್ ಬಿಸಿಯಾಗಿ ಎಣ್ಣೆ ತೆಳುವಾದಾಗ ಅದು ಕೆಳಗಿಳಿದರೆ ಬೇರಿಂಗ್ ಗೆರೆ ಬೀಳುವುದು ಖಂಡಿತ. ಕೊನೆಗೆ ರಿವೆಟ್ ಕೊರೆದು ತಟ್ಟೆ ಬಿಚ್ಚಿ ತೊಳೆಯಬೇಕಾಯಿತು. ಎಣ್ಣೆ ದಾರಿ ಇರುವ ಹೆಡ್, ಕ್ರ್ಯಾಂಕ್‌ಕೇಸ್, ಕಾರ್ಬ್ಯುರೇಟರ್, ಬೇರಿಂಗ್ ಇರುವ ಯಾವುದನ್ನೂ ಒಳಗಿಡಬೇಡಿ. ಬಾನೆಟ್, ಬಾಗಿಲಿನಂಥ ತೆಳು ತಗಡು ಹೊಡೆತಕ್ಕೆ ಹಿಗ್ಗಿ ಡೊಂಕಾಗುತ್ತದೆ.

ಈಗಾಗಲೇ ಎಂ-ಸ್ಯಾಂಡ್ ಹಾಕಿ ಬಳಸಿದ ಪೆಟ್ಟಿಗೆ ಇದ್ದರೆ, ಪೊರಕೆ ಮುಟ್ಟಬೇಡಿ, ಏರ್ ಗನ್ನಿನಲ್ಲಿ ಊದಬೇಡಿ. ಪಿ100 ಫಿಲ್ಟರಿನ (ಅತಿ ಸಣ್ಣ ದೂಳನ್ನೂ ತಡೆಯುವ ದರ್ಜೆ) ಹಾಫ್ ಮಾಸ್ಕ್ ಬಿಗಿಯಾಗಿ ಕಟ್ಟಿಕೊಂಡು (ಬಟ್ಟೆ ಮಾಸ್ಕ್ ಯಾವ ಪ್ರಯೋಜನಕ್ಕೂ ಇಲ್ಲ), ಕರೆಂಟ್ ತೆಗೆದು, ಗಿಡಕ್ಕೆ ನೀರು ಹೊಡೆಯುವ ಸ್ಪ್ರೇಯರಿನಲ್ಲಿ ಮರಳನ್ನು ಪೂರ್ತಿ ನೆನೆಸಿ. ಕೆಸರಾದ ಮೇಲೆ ಕರಣೆಯಿಂದ ಎರಡು ಪದರದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಗೋಡೆ, ಕಪಾಟಿನ ಮೇಲ್ಭಾಗ, ಟ್ಯೂಬ್‌ಲೈಟ್ ಪಟ್ಟಿ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಒಣಗಲು ಬಿಡದೆ ಅದೇ ಚೀಲಕ್ಕೆ ಹಾಕಿ. ಉಟ್ಟ ಬಟ್ಟೆಯನ್ನು ಶೆಡ್ಡಿನಲ್ಲೇ ಬಕೆಟ್ ನೀರಿನಲ್ಲಿ ಮುಳುಗಿಸಿ, ಮನೆಯವರ ಬಟ್ಟೆಯ ಜೊತೆ ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ವರ್ಷಗಟ್ಟಲೆ ಮರಳಿನಲ್ಲಿ ಕೆಲಸ ಮಾಡಿದವರು ಕೆಮ್ಮು ಇಲ್ಲದಿದ್ದರೂ ಶ್ವಾಸಕೋಶದ ವೈದ್ಯರ ಬಳಿ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ, ಮರಳು ಹೊಡೆಯುತ್ತಿದ್ದೆ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅದನ್ನು ಟಿಬಿ ಅಂತ ತಿಳಿದು ಔಷಧ ಕೊಡುವ ಸಂಭವ ಇದೆ.