ಅಕ್ಕಿ ಗಿರಣಿಯ ಬಕೆಟ್ ಎಲಿವೇಟರ್: ಹಲವು ಸುಗ್ಗಿ ದಾಟಿದ ಮೇಲಿನ ವಿಮರ್ಶೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೊಸ ಗಿರಣಿ ಹಾಕುವವರು ಶೆಲ್ಲರ್ (ಭತ್ತದ ಸಿಪ್ಪೆ ಸುಲಿಯುವ ಯಂತ್ರ), ಪಾಲಿಶರ್, ಕಲರ್ ಸಾರ್ಟರ್ (ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಯಂತ್ರ) ಕೊಳ್ಳುವ ಮುಂಚೆ ನಾಲ್ಕು ಕಡೆ ವಿಚಾರಿಸುತ್ತಾರೆ. ಅವುಗಳಿಗೆ ಮಾಲು ಎತ್ತಿಕೊಡುವ ಎಲಿವೇಟರಿಗೆ ಬಂದಾಗ ಮಾತ್ರ ಎತ್ತರ ಎಷ್ಟು ಅಡಿ, ಮೋಟಾರ್ ಎಷ್ಟು ಎಚ್‌ಪಿ ಎಂದು ಕೇಳಿ ಆರ್ಡರ್ ಕೊಟ್ಟುಬಿಡುತ್ತಾರೆ. ಒಂದು ಎಲಿವೇಟರ್ ನಿಂತರೆ ಅದರ ಮುಂದಿನ, ಹಿಂದಿನ ಯಂತ್ರಗಳೆಲ್ಲ ನಿಲ್ಲುತ್ತವೆ. ಇಲ್ಲಿ ಬರೆದಿರುವುದು ಸ್ಥಳೀಯ ವರ್ಕ್‌ಶಾಪ್‌ಗಳಲ್ಲಿ ತಯಾರಾಗುವ, ರಬ್ಬರ್ ಬೆಲ್ಟಿಗೆ ಪ್ಲಾಸ್ಟಿಕ್ ಅಥವಾ ಕಬ್ಬಿಣದ ಡಬ್ಬಿ ಕಟ್ಟಿದ, ಸುಮಾರು 10ರಿಂದ 15 ಮೀಟರ್ ಎತ್ತರದ ಮಾಮೂಲಿ ಬಕೆಟ್ ಎಲಿವೇಟರ್ ಬಗ್ಗೆ. ಭತ್ತ, ಶೆಲ್ಲರ್ ದಾಟಿದ ಮಾಲು, ಅಕ್ಕಿ ಮೂರಕ್ಕೂ ಬಳಸಿದ ಅನುಭವದ ಮೇಲೆ ನನ್ನ ತೀರ್ಪು ಇಷ್ಟು: ಯಂತ್ರ ಒಳ್ಳೆಯದು, ಕಡಿಮೆ ಕರೆಂಟಿನಲ್ಲಿ ಬೇರೆ ಯಾವ ಸಾಧನವೂ ಇಷ್ಟು ಮಾಲು ಎತ್ತುವುದಿಲ್ಲ. ಆದರೆ ಅದರ ಆಯುಸ್ಸು ನಿರ್ಧಾರವಾಗುವುದು ಮೇಲಿನ ಮೋಟಾರಿನಲ್ಲಿ ಅಲ್ಲ, ನೆಲದಡಿಯ ಬೂಟಿನಲ್ಲಿ, ಅಂದರೆ ಮಾಲು ಬಂದು ಬೀಳುವ, ಬೆಲ್ಟ್ ತಿರುಗಿ ಮೇಲೇರುವ ತಳದ ಪೆಟ್ಟಿಗೆಯಲ್ಲಿ.

ಮೊದಲು ಲೆಕ್ಕ. 1 ಲೀಟರ್ ಹಿಡಿಯುವ ಡಬ್ಬಿಗಳನ್ನು 150 ಮಿ.ಮೀ. ಅಂತರದಲ್ಲಿ ಕಟ್ಟಿ, ಬೆಲ್ಟ್ ಸೆಕೆಂಡಿಗೆ 1.5 ಮೀಟರ್ ಓಡಿದರೆ ಸೆಕೆಂಡಿಗೆ 10 ಡಬ್ಬಿ ತಲೆ (ಎಲಿವೇಟರಿನ ಮೇಲ್ತುದಿ) ದಾಟುತ್ತವೆ. ಡಬ್ಬಿ ಪೂರ್ತಿ ತುಂಬುವುದಿಲ್ಲ, 70 ಶೇಕಡಾ ಹಿಡಿಯಿರಿ. ಒಣ ಭತ್ತ ಲೀಟರಿಗೆ ಸುಮಾರು 580 ಗ್ರಾಂ ತೂಗುತ್ತದೆ. ಅಲ್ಲಿಗೆ ಸೆಕೆಂಡಿಗೆ 4 ಕೆಜಿ, ಗಂಟೆಗೆ ಸುಮಾರು 14 ಟನ್. ಇಷ್ಟನ್ನು 12 ಮೀಟರ್ ಎತ್ತಲು ಬೇಕಾದ ಶುದ್ಧ ಶಕ್ತಿ ಮುಕ್ಕಾಲು ಎಚ್‌ಪಿಗಿಂತಲೂ ಕಡಿಮೆ. ಬೂಟಿನಲ್ಲಿ ಡಬ್ಬಿ ಮಾಲನ್ನು ಕೆರೆದುಕೊಳ್ಳುವ ಎಳೆತ, ಗೇರ್‌ಬಾಕ್ಸ್, ಬೇರಿಂಗ್ ನಷ್ಟ ಎಲ್ಲ ಸೇರಿಸಿದರೂ 2 ಎಚ್‌ಪಿ ಸಾಕು, ತುಂಬಿದ ಬೆಲ್ಟನ್ನು ಎಬ್ಬಿಸುವುದಕ್ಕೆಂದು 3 ಹಾಕಬಹುದು. "ಇರಲಿ" ಎಂದು 5 ಎಚ್‌ಪಿ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಬೂಟ್ ಕಟ್ಟಿಕೊಂಡಾಗ ಸಣ್ಣ ಮೋಟಾರ್ ಟ್ರಿಪ್ ಆಗಿ ಸುದ್ದಿ ಮುಟ್ಟಿಸುತ್ತದೆ. ದೊಡ್ಡದು ನಿಲ್ಲದೆ ಎಳೆದು ಡಬ್ಬಿ ಕೀಳುತ್ತದೆ, ಇಲ್ಲವೇ ಪುಲ್ಲಿಯನ್ನು ಬೆಲ್ಟಿನ ಒಳಗೇ ಜಾರಿಸಿ ಸುಡುತ್ತದೆ.

ವೇಗದ ವಿಷಯ ಇನ್ನೂ ಮುಖ್ಯ. ತಲೆಯ ಪುಲ್ಲಿಯ ಮೇಲೆ ಡಬ್ಬಿ ತಿರುಗುವಾಗ ಮಾಲು ಹೊರಕ್ಕೆ ಚಿಮ್ಮಿ ಸ್ಪೌಟಿಗೆ (ಮಾಲು ಹೊರಗಿಳಿಯುವ ಇಳಿಜಾರು ಕೊಳವೆ) ಬೀಳಬೇಕು. ಹೊರಕ್ಕೆ ಎಸೆಯುವ ಬಲ ಮತ್ತು ಮಾಲಿನ ತೂಕ ತುತ್ತತುದಿಯಲ್ಲಿ ಸಮವಾಗುವ ವೇಗ ಕಂಡುಕೊಳ್ಳಲು 30ನ್ನು ತ್ರಿಜ್ಯದ ವರ್ಗಮೂಲದಿಂದ ಭಾಗಿಸಬೇಕು. ತ್ರಿಜ್ಯ ಮೀಟರಿನಲ್ಲಿರಲಿ, ಉತ್ತರ ನಿಮಿಷದ ಸುತ್ತುಗಳಲ್ಲಿ ಬರುತ್ತದೆ. 500 ಮಿ.ಮೀ. ಪುಲ್ಲಿಗೆ ಇದು 60 ಸುತ್ತು, ಅಂದರೆ ಬೆಲ್ಟಿನ ವೇಗ ಸೆಕೆಂಡಿಗೆ 1.57 ಮೀಟರ್. ನಿಜದಲ್ಲಿ ಮಾಲು ಇರುವುದು ಪುಲ್ಲಿಯ ಮೇಲ್ಮೈಯಲ್ಲಲ್ಲ, ಹೊರಚಾಚಿದ ಡಬ್ಬಿಯಲ್ಲಿ. ಆದ್ದರಿಂದ ಸರಿಯಾದ ವೇಗ ಇದಕ್ಕಿಂತ ಸ್ವಲ್ಪ ಕೆಳಗೇ ಸಿಗುತ್ತದೆ. ವೇಗ ಹೆಚ್ಚಾದರೆ ಮಾಲು ಮೇಲಿನ ಮುಚ್ಚಳಕ್ಕೆ ಬಡಿದು ವಾಪಸ್ ಬೀಳುತ್ತದೆ, ಕಡಿಮೆಯಾದರೆ ಸ್ಪೌಟಿನ ಬಾಯಿ ಮುಟ್ಟದೆ ಇಳಿಯುವ ಕಾಲಿನೊಳಗೆ (ಖಾಲಿ ಡಬ್ಬಿ ಕೆಳಗಿಳಿಯುವ ತಗಡಿನ ಕೊಳವೆ) ಸುರಿಯುತ್ತದೆ. ಎರಡರ ಲಕ್ಷಣವೂ ಒಂದೇ: ಮೇಲೆ ಮಾಲು ಕಡಿಮೆ ಬರುತ್ತದೆ, ಬೂಟ್ ತುಂಬುತ್ತಾ ಹೋಗುತ್ತದೆ, ಆಂಪ್ ಏರುತ್ತದೆ. ಇದನ್ನು ನೋಡಿ ಹಲವರು ಡಬ್ಬಿ ಸಾಲದು ಎಂದು ಹೊಸ ಡಬ್ಬಿ ಸೇರಿಸುತ್ತಾರೆ. ಅದಕ್ಕೆ ಮುಂಚೆ ತಲೆಯ ಶಾಫ್ಟಿನ ಸುತ್ತು ಎಣಿಸಿ, ಸ್ಪೌಟಿನ ಬಾಯಲ್ಲಿರುವ ರಬ್ಬರ್ ನಾಲಿಗೆ ನೋಡಿ. ನಾಲಿಗೆಗೂ ಡಬ್ಬಿಯ ಅಂಚಿಗೂ 10ರಿಂದ 15 ಮಿ.ಮೀ. ಸಂದು ಸಾಕು. ಅದು ಸವೆದು ಸಂದು ದೊಡ್ಡದಾದರೆ ಮಾಲು ಅಲ್ಲಿಂದಲೇ ಕೆಳಗಿಳಿಯುತ್ತದೆ. ಒಂದು ತುಂಡು ರಬ್ಬರ್ ಬದಲಾಯಿಸಿದರೆ ಮುಗಿಯುವ ಕೆಲಸ ಇದು.

ಇನ್ನು ಬೂಟ್. ಕಂಬೈನ್ ಕೊಯ್ಲಿನ ಭತ್ತದ ಜೊತೆ ಹುಲ್ಲಿನ ತುಂಡು, ಚೀಲದ ದಾರ, ಮಣ್ಣಿನ ಹೆಂಟೆ ಎಲ್ಲ ಬರುತ್ತದೆ. ದಾರ ಮತ್ತು ಹುಲ್ಲು ಬೂಟಿನ ಶಾಫ್ಟಿಗೆ ಸುತ್ತಿಕೊಂಡು ಕ್ರಮೇಣ ಸೀಲಿನೊಳಗೆ ನುಗ್ಗುತ್ತವೆ. ಸೀಲ್ ಹೋದ ಮೇಲೆ ಧೂಳು ಬೇರಿಂಗಿಗೆ ಹೋಗುತ್ತದೆ. ಬೇರಿಂಗ್ ಕೆಟ್ಟಿತು ಎಂದು ಹೊಸದು ಹಾಕಿದರೆ ಅದೂ ಬೇಗ ಹೋಗುತ್ತದೆ, ಕಾರಣ ಅಲ್ಲೇ ಉಳಿದಿರುತ್ತದೆ. ಹಾಗಾಗಿ ಇನ್‌ಟೇಕ್ ಗುಂಡಿಯ ಮೇಲೆ ಜಾಲರಿ, ಎಲಿವೇಟರಿಗೂ ಮುಂಚೆ ಅಯಸ್ಕಾಂತ, ಮಾಲಿನ ಹರಿವು ಹಿಡಿತದಲ್ಲಿಡಲು ಜಾರು ಗೇಟ್, ಈ ಮೂರೂ ಇರಲೇಬೇಕು. ಬೇರಿಂಗ್ ಎಲಿವೇಟರಿನ ಹೊರಕವಚದ (ಕೇಸಿಂಗ್) ಗೋಡೆಗೆ ಅಂಟಿಕೊಂಡಿರಬಾರದು, ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟಿರಬೇಕು, ಆಗ ಸೋರಿದ ಧೂಳು ಹೊರಗೇ ಉದುರುತ್ತದೆ. ಗ್ರೀಸ್ ವಿಪರೀತ ತುಂಬಿದರೆ ಸೀಲೇ ಕಿತ್ತು ಬರುತ್ತದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ.

ಮಾಲು ಬೂಟಿಗೆ ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನು ಆರ್ಡರ್ ಕೊಡುವಾಗಲೇ ತೀರ್ಮಾನಿಸಬೇಕು. ಏರುವ ಕಾಲಿನ ಕಡೆ, ಬೂಟ್ ಪುಲ್ಲಿಯ ನಡುಮಟ್ಟಕ್ಕಿಂತ ಮೇಲೆ ಬಾಯಿ ಇಟ್ಟರೆ ಹೆಚ್ಚು ಪಾಲು ನೇರವಾಗಿ ಡಬ್ಬಿಗೇ ಬೀಳುತ್ತದೆ. ಇಳಿಯುವ ಕಾಲಿನ ಕಡೆ ಹಾಕಿದರೆ ಡಬ್ಬಿಗಳು ಮಾಲಿನ ರಾಶಿಯನ್ನು ಅಗೆದುಕೊಂಡು ಬರಬೇಕು. ಭತ್ತಕ್ಕೆ ಅದು ಹೇಗೋ ನಡೆದೀತು. ಅಕ್ಕಿಗೆ ನಡೆಯುವುದಿಲ್ಲ, ಸೋನಾ ಮಸೂರಿಯಂಥ ಸಣ್ಣ ಕಾಳು ಡಬ್ಬಿಯ ಅಂಚಿಗೂ ಬೂಟಿನ ತಳಕ್ಕೂ ನಡುವೆ ಸಿಕ್ಕಿ ಮುರಿಯುತ್ತದೆ.

ಬೂಟಿನ ತಳದಲ್ಲಿ ಯಾವಾಗಲೂ ಒಂದಿಷ್ಟು ಮಾಲು ಉಳಿಯುತ್ತದೆ. ತಳಿ ಬದಲಾಯಿಸುವಾಗ ಅದನ್ನು ತೆಗೆಯದಿದ್ದರೆ ಮುಂದಿನ ಲಾಟಿನ ಮೊದಲ ಚೀಲಗಳಲ್ಲಿ ಬೆರಕೆ ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ ಹಾಗೇ ಬಿಟ್ಟರೆ ಹುಳ ಬೀಳುತ್ತದೆ. ಎರಡೂ ಬದಿಗೆ ಎಳೆಯಬಹುದಾದ ತಳದ ತಗಡು ಇರುವ ಬೂಟನ್ನೇ ಕೇಳಿ, ನಟ್ಟು ಬಿಚ್ಚಿ ತೆಗೆಯಬೇಕಾದ ತಗಡನ್ನು ಯಾರೂ ತೆಗೆಯುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇನ್ನೊಂದು ತೊಂದರೆ ಇದೆ. ಕಾಲುವೆ ನೀರು ಹರಿಯುವ ಕಾಲದಲ್ಲಿ ಅಂತರ್ಜಲ ಮೇಲೇರಿ ಬೂಟಿನ ಗುಂಡಿಗೆ ಒಸರುತ್ತದೆ. ತೇವದಲ್ಲಿ ತಗಡು ತುಕ್ಕು ಹಿಡಿಯುತ್ತದೆ, ಉಳಿದ ಭತ್ತ ಮೊಳೆಯುತ್ತದೆ. ಗುಂಡಿಯ ಕಾಂಕ್ರೀಟಿಗೆ ನೀರುನಿರೋಧಕ ಹಾಕಿಸಿ, ಮೂಲೆಯಲ್ಲಿ ನೀರು ಸೇರಲು ಸಣ್ಣ ಕುಳಿ ಬಿಟ್ಟು ಪಂಪ್ ಇಡಬೇಕು. ಒಬ್ಬ ಮನುಷ್ಯ ಕುಳಿತು ಎರಡೂ ಬದಿಯ ಬೆಲ್ಟ್ ಬಿಗಿಸುವ ಸ್ಕ್ರೂ ತಿರುಗಿಸುವಷ್ಟು ಅಗಲ ಗುಂಡಿಗೆ ಇರಲಿ. ಇಲ್ಲಿ ಉಳಿಸಿದ ಸಿಮೆಂಟಿನ ದುಡ್ಡು ಆಮೇಲೆ ಪ್ರತಿ ರಿಪೇರಿಯಲ್ಲೂ ಹೋಗುತ್ತದೆ.

ಬೆಲ್ಟ್ ಬಗ್ಗೆ. ಡಬ್ಬಿಗಿಂತ ಬೆಲ್ಟ್ ಎರಡೂ ಕಡೆ 10–12 ಮಿ.ಮೀ. ಅಗಲವಿರಲಿ, ಪುಲ್ಲಿ ಅದಕ್ಕಿಂತ ಅಗಲ. ದಪ್ಪ ಬೆಲ್ಟ್ ಗಟ್ಟಿ ಎಂದು ಸಣ್ಣ ಪುಲ್ಲಿಗೆ ಹೆಚ್ಚು ಪ್ಲೈ (ಬೆಲ್ಟಿನೊಳಗಿನ ಬಟ್ಟೆಯ ಪದರ) ಹಾಕಿಸಿದರೆ ಬಾಗಿ ಬಾಗಿ ಪದರ ಬಿಡುತ್ತದೆ. ಒಂದು ಪ್ಲೈಗೆ ಪುಲ್ಲಿಯ ವ್ಯಾಸ 100ರಿಂದ 125 ಮಿ.ಮೀ. ಎಂಬ ಅಂದಾಜು ಸಾಕು. ಹೊಸ ಬೆಲ್ಟ್ ಹಿಗ್ಗುತ್ತದೆ. ಮೊದಲ ದಿನದ ಕೊನೆಗೆ ಒಮ್ಮೆ, ವಾರದ ಕೊನೆಗೆ ಒಮ್ಮೆ ಬಿಗಿ ನೋಡಿ, ಅದೇ ಹೊತ್ತಿಗೆ ಡಬ್ಬಿಯ ಬೋಲ್ಟುಗಳನ್ನೂ ಮತ್ತೆ ಬಿಗಿಸಿ. ಬೋಲ್ಟಿನ ಅಗಲ ತಲೆ ಆಗ ಬೆಲ್ಟಿನೊಳಗೆ ಕೂತಿರುತ್ತದೆ. ಬೆಲ್ಟ್ ಒಂದು ಬದಿಗೆ ಸರಿದರೆ ಸರಿದ ಬದಿಯ ಸ್ಕ್ರೂವನ್ನೇ ಕಾಲು ಸುತ್ತು ಬಿಗಿ ಮಾಡಿ, ಖಾಲಿ ಓಡಿಸಿ ನೋಡಿ, ಆಮೇಲೆ ಮುಂದಿನ ಕಾಲು ಸುತ್ತು. ಒಂದೇ ಸಲ ಪೂರ್ತಿ ತಿರುಗಿಸಿದರೆ ಇನ್ನೊಂದು ಬದಿಗೆ ಹೋಗಿ ತಗಡಿಗೆ ಉಜ್ಜುತ್ತದೆ.

ಡಬ್ಬಿ ಪ್ಲಾಸ್ಟಿಕ್ಕೋ ಕಬ್ಬಿಣವೋ? ಒಣ ಭತ್ತಕ್ಕೂ ಅಕ್ಕಿಗೂ ಎಚ್‌ಡಿಪಿಇ ಪ್ಲಾಸ್ಟಿಕ್ ಡಬ್ಬಿಯೇ ಮೇಲು. ಹಗುರ, ತುಕ್ಕಿಲ್ಲ, ಕೇಸಿಂಗಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಆದರೆ ಕುಸುಬಲಕ್ಕಿ ಗಿರಣಿಯಲ್ಲಿ ಹಬೆ ಕುಡಿದ ಬಿಸಿ ಭತ್ತ ಎತ್ತುವ ಎಲಿವೇಟರಿಗೆ ಅದು ಬೇಡ, ಬಿಸಿಗೆ ಮೆತ್ತಗಾಗಿ ಬೋಲ್ಟಿನ ತೂತಿನಲ್ಲಿ ಹಿಗ್ಗಿ ಕಳಚುತ್ತದೆ. ಅಲ್ಲಿ ಸ್ಟೀಲ್ ಡಬ್ಬಿ ಹಾಕಿ. ಒದ್ದೆ ಭತ್ತ ಜಾರುವುದೂ ಕಷ್ಟ. ಒಣ ಭತ್ತದ ಸ್ಪೌಟಿಗೆ 45 ಡಿಗ್ರಿ ಇಳಿಜಾರು ಸಾಕಾದರೆ ಒದ್ದೆಗೆ 60 ಡಿಗ್ರಿ ಬೇಕು.

ಭತ್ತದ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಸ್ಪೌಟಿನ ತಗಡು ಉಪ್ಪುಕಾಗದದಲ್ಲಿ ಉಜ್ಜಿದಂತೆ ಸವೆಯುತ್ತದೆ. ಸವೆಯುವುದು ಎಲ್ಲ ಕಡೆ ಅಲ್ಲ, ಧಾರೆ ಬಡಿಯುವ ಒಂದೇ ಜಾಗದಲ್ಲಿ. ಇಡೀ ಸ್ಪೌಟ್ ದಪ್ಪ ಮಾಡಿಸುವ ಬದಲು ಆ ಜಾಗಕ್ಕೆ ಬಿಚ್ಚಿ ಹಾಕಬಹುದಾದ ಲೈನರ್ ಕೊಡಿಸಿ. ತಿರುವಿನಲ್ಲಿ ಮಾಲೇ ನಿಂತು ಮಾಲಿನ ಮೇಲೆ ಮಾಲು ಬೀಳುವ ಹಾಗೆ ಸಣ್ಣ ಪೆಟ್ಟಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಅಕ್ಕಿಯ ಕಾಳು ಮುರಿಯುವುದೂ ಇದರಿಂದ ಕಡಿಮೆಯಾಗುತ್ತದೆ.

ನುಚ್ಚಿನ ವಿಷಯಕ್ಕೆ ಬಂದರೆ, ಪಾಲಿಶರಿನ ಮೇಲೆ ಹಾಕುವ ಆರೋಪದಲ್ಲಿ ಒಂದು ಪಾಲು ಎಲಿವೇಟರಿಗೆ ಸೇರಬೇಕಾದದ್ದು. ಪರೀಕ್ಷೆ ಸುಲಭ. ಬೂಟಿಗೆ ಬೀಳುವ ಮುಂಚೆ 200 ಗ್ರಾಂ, ಮೇಲಿನ ಸ್ಪೌಟಿನಿಂದ 200 ಗ್ರಾಂ ಅಕ್ಕಿ ತೆಗೆದು, ಎರಡರಲ್ಲೂ ನುಚ್ಚು ಬೇರೆ ಮಾಡಿ ತೂಗಿ. ಮೂರು ನಾಲ್ಕು ಸಲ ಮಾಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವ್ಯತ್ಯಾಸ ಕಂಡರೆ ವೇಗ ಇಳಿಸಿ, ಅಕ್ಕಿ ಎತ್ತುವ ಬೆಲ್ಟ್ ಸೆಕೆಂಡಿಗೆ 1ರಿಂದ 1.2 ಮೀಟರ್ ಓಡಿದರೆ ಸಾಕು. ಆದರೆ ಬರೀ ಸುತ್ತು ಇಳಿಸಿದರೆ ಮೇಲೆ ಹೇಳಿದಂತೆ ಮಾಲು ವಾಪಸ್ ಸುರಿಯುತ್ತದೆ, ಆ ವೇಗಕ್ಕೆ ತಕ್ಕ ಸಣ್ಣ ತಲೆ ಪುಲ್ಲಿ ಬೇಕು. ಇದಕ್ಕೇ ಅಕ್ಕಿಯ ಎಲಿವೇಟರನ್ನು ಭತ್ತದ ಅಳತೆಯಲ್ಲಿ ಮಾಡಿಸಬಾರದು ಎನ್ನುವುದು. ಗಿರಣಿಯ ಎಲ್ಲ ಎಲಿವೇಟರೂ ಒಂದೇ ಅಳತೆಯಾದರೆ ಬಿಡಿಭಾಗ ಇಡುವುದು ಸುಲಭ ಎಂದು ತಯಾರಕರು ಒತ್ತಾಯಿಸುತ್ತಾರೆ, ಒಪ್ಪಬೇಡಿ.

ಕರೆಂಟ್ ಹೋದಾಗ ತುಂಬಿದ ಏರುಕಾಲಿನ ಭಾರಕ್ಕೆ ಬೆಲ್ಟ್ ಹಿಮ್ಮುಖ ತಿರುಗಿ ಮಾಲೆಲ್ಲ ಬೂಟಿಗೆ ಇಳಿಯುತ್ತದೆ. ಬ್ಯಾಕ್‌ಸ್ಟಾಪ್ (ಹಿಮ್ಮುಖ ತಿರುಗುವುದನ್ನು ತಡೆಯುವ ಸಾಧನ) ಇಲ್ಲದ ಎಲಿವೇಟರ್ ತೆಗೆದುಕೊಳ್ಳಲೇಬೇಡಿ. ಕರೆಂಟ್ ಬಂದ ಮೇಲೂ ಮೊದಲು ಬೂಟಿನ ಬಾಗಿಲು ತೆಗೆದು ನೋಡಿ. ಚಾಲೂ ಮಾಡುವುದು ಕೊನೆಯ ಯಂತ್ರದಿಂದ ಹಿಂದಕ್ಕೆ, ನಿಲ್ಲಿಸುವುದು ಮೊದಲ ಯಂತ್ರದಿಂದ ಮುಂದಕ್ಕೆ. ಈ ಕ್ರಮವನ್ನು ಪ್ಯಾನೆಲ್‌ನಲ್ಲೇ ಇಂಟರ್‌ಲಾಕ್ ಮಾಡಿಸಿದರೆ ರಾತ್ರಿ ಪಾಳಿಯವರ ನೆನಪನ್ನು ನಂಬಬೇಕಾಗಿಲ್ಲ.

ಸುರಕ್ಷತೆಯಲ್ಲಿ ನಾನು ಬಿಟ್ಟುಕೊಡದ ವಸ್ತು ಬೂಟ್ ಶಾಫ್ಟಿನ ವೇಗ ನೋಡುವ ಸ್ವಿಚ್. ಬೆಲ್ಟ್ ಜಾರತೊಡಗಿದರೆ ತಲೆ ಪುಲ್ಲಿ ತಿರುಗುತ್ತಲೇ ಇರುತ್ತದೆ, ಬೂಟ್ ಪುಲ್ಲಿ ನಿಧಾನವಾಗುತ್ತದೆ. ವೇಗ 20 ಶೇಕಡಾ ಕುಸಿದ ಕೂಡಲೇ ಮೋಟಾರ್ ನಿಲ್ಲುವಂತೆ ಜೋಡಿಸಿ. ಧೂಳು ತುಂಬಿದ ಮುಚ್ಚಿದ ಕಾಲಿನೊಳಗೆ ರಬ್ಬರ್ ಸುಡುವುದು ಬೆಂಕಿಗೂ ಸ್ಫೋಟಕ್ಕೂ ದಾರಿ. ಕೇಸಿಂಗಿಗೆ ವೆಲ್ಡಿಂಗ್ ಮಾಡುವ ಮುಂಚೆ ಒಳಗಿನ ಧೂಳು ಪೂರ್ತಿ ತೆಗೆಯಬೇಕು. ಬೂಟಿನ ಬಾಗಿಲು ತೆಗೆಯುವಾಗ ಮೇನ್ ಆಫ್ ಮಾಡಿ ಬೀಗ ಹಾಕಿ ಬೀಗದ ಕೈ ಜೇಬಿನಲ್ಲಿಟ್ಟುಕೊಳ್ಳಬೇಕು. ಕೈ ಹಾಕಿದವನು ಕೆಳಗಿದ್ದು, ಸ್ವಿಚ್ ಇನ್ನೊಬ್ಬನ ಬಳಿ ಇರುವ ಯಂತ್ರ ಇದು.

ನವೆಂಬರ್ ಸುಗ್ಗಿಗೂ ಏಪ್ರಿಲ್‌ನ ಬೇಸಿಗೆ ಬೆಳೆಗೂ ಮುಂಚೆ ಗೋದಾಮಿನಲ್ಲಿ ಇರಬೇಕಾದವು: ಒಟ್ಟು ಡಬ್ಬಿಯ ಹತ್ತರಲ್ಲೊಂದು ಪಾಲು ಹೊಸ ಡಬ್ಬಿ, ಅದರ ದುಪ್ಪಟ್ಟು ಬೋಲ್ಟ್ ನಟ್ಟು, ಬೂಟಿನ ಒಂದು ಜೋಡಿ ಬೇರಿಂಗ್ ಮತ್ತು ಸೀಲ್, ಸ್ಪೌಟ್ ನಾಲಿಗೆಗೆ ರಬ್ಬರ್, ಬೆಲ್ಟ್ ಜೋಡಿಸುವ ಒಂದು ಕ್ಲಾಂಪ್, ಜಾಯಿಂಟಿಗೆ ಸಾಲುವಷ್ಟು ಬೆಲ್ಟಿನ ತುಂಡು.